ಟಿಎಂಟಿ ಸಾಕಾ, ಸಿಟಿ ಆಂಜಿಯೋ ಬೇಕಾ? ಹೃದಯದ ಬ್ಲಾಕ್ ಹುಡುಕುವ ಪರೀಕ್ಷೆಗಳ ಹೋಲಿಕೆ

ನಮ್ಮ ಅತ್ತಿಗೆಗೆ 44 ವರ್ಷ. ಹೋದ ವರ್ಷ ಆಫೀಸಿನವರು ಕೊಡಿಸಿದ ಹೆಲ್ತ್ ಚೆಕಪ್ಪಿನಲ್ಲಿ ಟಿಎಂಟಿಯೂ (ಓಡುವ ಬೆಲ್ಟ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಟ್ರೆಡ್‌ಮಿಲ್ ಟೆಸ್ಟ್) ಸೇರಿತ್ತು. ಅವರಿಗೆ ಎದೆನೋವಿಲ್ಲ, ಏದುಸಿರಿಲ್ಲ, ಬಿಪಿ ಶುಗರ್ ಯಾವುದೂ ಇಲ್ಲ. ಪ್ಯಾಕೇಜಿನಲ್ಲಿ ಇದೆಯಲ್ಲ ಎಂದು ಸುಮ್ನೆ ಮಾಡಿಸಿಕೊಂಡರು. ರಿಪೋರ್ಟಿನ ಕೆಳಗೆ ‘ಪಾಸಿಟಿವ್’ ಎಂದು ಬಂತು. ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಡೈ ಹಾಕಿ ಹೃದಯದ ರಕ್ತನಾಳಗಳ ಸಿಟಿ ಸ್ಕ್ಯಾನ್ ತೆಗೆಯುವ ಸಿಟಿ ಆಂಜಿಯೋ ಮಾಡಿಸಿದರೆ ನಾಳಗಳಲ್ಲಿ ಏನೂ ಇರಲಿಲ್ಲ.

ಚಿಕ್ಕಪ್ಪನ ಕಥೆ ಇದಕ್ಕೆ ಉಲ್ಟಾ. 63 ವರ್ಷ, ಹಳೇ ಶುಗರ್. ಮಹಡಿ ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಎರಡು ನಿಮಿಷ ನಿಂತರೆ ಹೋಗುತ್ತದೆ ಎನ್ನುತ್ತಿದ್ದರು. ಟಿಎಂಟಿ ಮಾಡಿಸಿದಾಗ ‘ನೆಗೆಟಿವ್’. “ನೋಡಿದ್ಯಾ, ಗ್ಯಾಸು ಅಂತ ನಾನು ಅವತ್ತೇ ಹೇಳಿದ್ದೆ” ಎಂದು ಬೀಗಿದರು. ಐದು ತಿಂಗಳಲ್ಲಿ ಆಂಜಿಯೋಗ್ರಾಮ್ ಆಗಿ ಎರಡು ಸ್ಟೆಂಟ್ ಹಾಕಿಸಿಕೊಂಡರು.

ಎರಡೂ ಸಲ ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು. ಅತ್ತಿಗೆಗೆ ಆ ಪರೀಕ್ಷೆಯೇ ಬೇಕಿರಲಿಲ್ಲ. ಚಿಕ್ಕಪ್ಪನಿಗೆ ಬೇರೆ ಪರೀಕ್ಷೆ ಬೇಕಿತ್ತು. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಆಮೇಲೆ ಕೂತು ಓದಿ, ಡಾಕ್ಟರುಗಳನ್ನು ಕಾಡಿ ಬೇಡಿ ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕೂತಲ್ಲೇ ಎದೆನೋವು ಬಂದು ಹದಿನೈದು ನಿಮಿಷವಾದರೂ ಹೋಗದಿದ್ದರೆ, ಬೆವರು, ವಾಂತಿ, ಎಡಗೈಗೋ ದವಡೆಗೋ ಎಳೆತ ಇದ್ದರೆ ಈ ಲೇಖನ ಪಕ್ಕಕ್ಕಿಡಿ. ಅಂಥ ಹೊತ್ತಿನಲ್ಲಿ ಟಿಎಂಟಿ ಮಾಡಿಸುವುದೇ ಅಪಾಯ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ನಾನು ಇಲ್ಲಿ ಹೇಳುವುದು ಆಗಾಗ ಬಂದು ಹೋಗುವ, ತಿಂಗಳುಗಳಿಂದ ಇರುವ ನೋವಿನ ವಿಷಯ.

ನಲ್ಲಿ ನೋಡಬೇಕೋ, ಪೈಪು ನೋಡಬೇಕೋ

ಬೋರ್‌ವೆಲ್ ನೀರಿನ ಮನೆಯಲ್ಲಿ ಇದ್ದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಗಡಸು ನೀರು ಹರಿದು ಹರಿದು ಪೈಪಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಒಂದೇ ನಲ್ಲಿ ಬಿಟ್ಟರೆ ನೀರು ಚೆನ್ನಾಗಿಯೇ ಬರುತ್ತದೆ. ಬೆಳಿಗ್ಗೆ ಬಚ್ಚಲು, ಅಡುಗೆಮನೆ, ವಾಷಿಂಗ್ ಮಷೀನ್ ಎಲ್ಲ ಒಟ್ಟಿಗೆ ಶುರುವಾದಾಗ ಮಾತ್ರ ಮಹಡಿಯ ನಲ್ಲಿ ಬೆರಳಿನಷ್ಟು ಸಣ್ಣಗಾಗುತ್ತದೆ.

ಹೃದಯದ್ದೂ ಇದೇ ಕಥೆ. ರಕ್ತನಾಳ ಅರ್ಧದಷ್ಟು ಕಟ್ಟಿಕೊಂಡಿದ್ದರೂ ಕುರ್ಚಿಯಲ್ಲಿ ಕೂತವನಿಗೆ ಏನೂ ಗೊತ್ತಾಗುವುದಿಲ್ಲ. ನೂರಕ್ಕೆ 70ರಷ್ಟು ಕಟ್ಟಿದಾಗ ಮೆಟ್ಟಿಲು, ಏರು, ಬಸ್ಸಿಗೆ ಓಟ ಇಂಥವುಗಳಲ್ಲಿ ಹೃದಯದ ಮಾಂಸಕ್ಕೆ ರಕ್ತ ಸಾಲದೆ ಬರುತ್ತದೆ. ಅದಕ್ಕೇ ಕೂತು ಮಾಡಿದ ಇಸಿಜಿ ನಾರ್ಮಲ್ ಎಂದಾಕ್ಷಣ ಏನೂ ಸಾಬೀತಾಗುವುದಿಲ್ಲ.

ಪರೀಕ್ಷೆಗಳಲ್ಲಿ ಎರಡು ಜಾತಿ. ಟಿಎಂಟಿ, ಸ್ಟ್ರೆಸ್ ಎಕೋ (ಶ್ರಮದ ನಂತರ ಹೃದಯದ ಅಲ್ಟ್ರಾಸೌಂಡ್), ಥಾಲಿಯಂ (ನ್ಯೂಕ್ಲಿಯರ್ ಸ್ಕ್ಯಾನ್) ಇವು ಎಲ್ಲ ನಲ್ಲಿ ಬಿಟ್ಟು, ಮಹಡಿಯಲ್ಲಿ ನೀರು ಸಣ್ಣಗಾಯಿತಾ ಎಂದು ನೋಡುವ ಪರೀಕ್ಷೆಗಳು. ಸಿಟಿ ಆಂಜಿಯೋ ಮತ್ತು ಕೈಯ ನಾಳದಿಂದ ತಂತಿ ಹಾಕಿ ಮಾಡುವ ಆಂಜಿಯೋಗ್ರಾಮ್ ಪೈಪಿನ ಒಳಗೇ ಇಣುಕುತ್ತವೆ. ಟಿಎಂಟಿ ಯಾವತ್ತೂ ಬ್ಲಾಕ್ ಅನ್ನು ನೋಡುವುದಿಲ್ಲ. ಬ್ಲಾಕ್ ಇದ್ದರೆ ಆಗಬಹುದಾದ ತೊಂದರೆಯ ನೆರಳನ್ನು ಇಸಿಜಿ ಗೆರೆಯಲ್ಲಿ ಹುಡುಕುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಟಿಎಂಟಿ ರೂಮಿನೊಳಗೆ

ನನಗೂ 48ರಲ್ಲಿ ಒಮ್ಮೆ ಎದೆಯ ನಡುವೆ ಬಿಗಿತ ಕಾಣಿಸಿತು. ಹೋಗಿ ಮಾಡಿಸಿಕೊಂಡೆ. ಶರ್ಟ್ ಬಿಚ್ಚಿಸಿ, ಎದೆಯ ಕೂದಲನ್ನು ಅಲ್ಲಲ್ಲಿ ಬೋಳಿಸಿ, ಸ್ಪಿರಿಟ್ ಹತ್ತಿಯಲ್ಲಿ ಉರಿಯುವಷ್ಟು ಉಜ್ಜಿ ಹತ್ತು ಸ್ಟಿಕರ್ ಅಂಟಿಸಿದರು. ಉಜ್ಜುವುದಕ್ಕೂ ಕಾರಣ ಇದೆ. ಚರ್ಮದ ಮೇಲೆ ಎಣ್ಣೆ ಇದ್ದರೆ ಗೆರೆ ನಡುಗುತ್ತದೆ, ನಡುಗಿದ ಗೆರೆಯಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಇಡೀ ಪರೀಕ್ಷೆ ನಿಂತಿರುವುದು ಆ ಒಂದು ಮಿಲಿಮೀಟರ್ ಮೇಲೆ. ಗೆರೆಯ ಎಸ್‌ಟಿ ಎನ್ನುವ ಭಾಗ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಕೆಳಗಿಳಿದು, ಮಟ್ಟಸವಾಗಿ ಅಥವಾ ಇನ್ನೂ ಇಳಿಜಾರಾಗಿ ಸಾಗಿದರೆ ಅದಕ್ಕೆ ‘ಪಾಸಿಟಿವ್’ ಎನ್ನುತ್ತಾರೆ.

ನಡೆಸುವ ಕ್ರಮಕ್ಕೆ ಬ್ರೂಸ್ ಪ್ರೋಟೋಕಾಲ್ ಎಂದು ಹೆಸರು. ಅಮೆರಿಕದ ಸಿಯಾಟಲ್‌ನಲ್ಲಿ ರಾಬರ್ಟ್ ಬ್ರೂಸ್ ಎಂಬ ಡಾಕ್ಟರ್ 1963ರ ಹೊತ್ತಿಗೆ ರೂಪಿಸಿದ್ದು. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ನೂರಕ್ಕೆ 10ರಷ್ಟು ಏರು. ತರಕಾರಿ ಮಾರ್ಕೆಟ್ಟಿನಲ್ಲಿ ನಡೆದ ಹಾಗೆ ಅನ್ನಿಸುತ್ತದೆ. ನಾಲ್ಕನೇ ನಿಮಿಷಕ್ಕೆ ವೇಗ 4, ಏರು 12. ಏಳನೇ ನಿಮಿಷಕ್ಕೆ 5.4 ಮತ್ತು 14. ಅಲ್ಲಿಂದ ಚಾಮುಂಡಿ ಬೆಟ್ಟದ ಮೆಟ್ಟಿಲು ನೆನಪಾಗಲು ಶುರು. ಒಂಬತ್ತು ನಿಮಿಷ ದಾಟಿದರೆ 6.7 ಮತ್ತು 16, ನಡೆಯಬೇಕೋ ಓಡಬೇಕೋ ತಿಳಿಯದ ಸ್ಥಿತಿ. ನಾನು 9 ನಿಮಿಷ 40 ಸೆಕೆಂಡಿಗೆ ಕೈ ಎತ್ತಿದೆ. ಟೆಕ್ನಿಷಿಯನ್ ಹುಡುಗಿ “ಸರ್, ರಾಡ್ ಗಟ್ಟಿಯಾಗಿ ಹಿಡ್ಕೋಬೇಡಿ, ಸುಮ್ನೆ ಬೆರಳಿಡಿ” ಎಂದು ನಾಲ್ಕು ಸಲ ಹೇಳಿದಳು. ರಾಡಿಗೆ ಜೋತು ಬಿದ್ದರೆ ಭಾರವೆಲ್ಲ ಕೈಗೆ ಹೋಗಿ, ಹೃದಯಕ್ಕೆ ಕೆಲಸ ಕಡಿಮೆಯಾಗುತ್ತದೆ, ನಿಮಿಷದ ಲೆಕ್ಕ ಮಾತ್ರ ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ.

ಅಂದಹಾಗೆ ಬೆಲ್ಟ್ ನಿಂತ ಮೇಲೂ ಐದಾರು ನಿಮಿಷ ತಂತಿ ಬಿಚ್ಚುವುದಿಲ್ಲ. ಕೆಲವರ ಗೆರೆ ಕೆಡುವುದೇ ಆಗ.

ಅಪಾಯ ಇಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಇದೆ, ಆದರೆ ಕಡಿಮೆ. ಸಾವಿನ ಲೆಕ್ಕ ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಪಕ್ಕದಲ್ಲಿ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಇರಬೇಕು, ಡಾಕ್ಟರ್ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಬೇಕು. ಎರಡೂ ಇಲ್ಲದ ಕಡೆ ಡಿಸ್ಕೌಂಟ್ ಎಷ್ಟೇ ಕೊಟ್ಟರೂ ಬೆಲ್ಟ್ ಹತ್ತಬೇಡಿ.

ಅದೇ ಪಾಸಿಟಿವ್, ಬೇರೆ ಬೇರೆ ಅರ್ಥ

ಈಗ ಅತ್ತಿಗೆಯ ಕಥೆಗೆ ಬರೋಣ. ಟಿಎಂಟಿ ಬಗ್ಗೆ ಹೆಚ್ಚು ಉಲ್ಲೇಖವಾಗುವ ಹಳೆಯ ಲೆಕ್ಕ ಹೀಗಿದೆ. ನಿಜಕ್ಕೂ ಬ್ಲಾಕ್ ಇರುವ ನೂರು ಜನರಲ್ಲಿ 68 ಜನರನ್ನು ಅದು ಹಿಡಿಯುತ್ತದೆ. ಬ್ಲಾಕ್ ಇಲ್ಲದ ನೂರರಲ್ಲಿ 77 ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಇತ್ತೀಚಿನ ಲೆಕ್ಕಗಳು ಇನ್ನೂ ಕಡಿಮೆ ಕೊಡುತ್ತವೆ. ಹಳೆಯದನ್ನೇ ಇಟ್ಟುಕೊಳ್ಳೋಣ.

ನೋವಿಲ್ಲದ, ಹುಷಾರಾಗಿರುವ ಸಾವಿರ ಜನರನ್ನು ಬೆಲ್ಟ್ ಹತ್ತಿಸಿ. ಇವರಲ್ಲಿ 50 ಜನರಿಗೆ ಬ್ಲಾಕ್ ಇದೆ ಎಂದುಕೊಳ್ಳೋಣ. ಟಿಎಂಟಿ ಅವರಲ್ಲಿ 34 ಜನರನ್ನು ಹಿಡಿಯಿತು. ಉಳಿದ 950 ಆರೋಗ್ಯವಂತರಲ್ಲಿ ಸುಮಾರು 218 ಜನರಿಗೆ ಸುಮ್ಮಸುಮ್ಮನೆ ‘ಪಾಸಿಟಿವ್’ ಬಂತು. ಒಟ್ಟು 252 ಪಾಸಿಟಿವ್, ಅದರಲ್ಲಿ ನಿಜವಾದದ್ದು 34. ಅಂದರೆ ರಿಪೋರ್ಟ್ ಕೈಯಲ್ಲಿ ಹಿಡಿದು ಅಳುವ ಎಂಟು ಜನರಲ್ಲಿ ಸುಮಾರು ಏಳು ಜನ ಸುಮ್ಮನೆ ಅಳುತ್ತಿದ್ದಾರೆ. ನಮ್ಮ ಅತ್ತಿಗೆ ಆ ಏಳರಲ್ಲಿ ಒಬ್ಬರು.

ಇನ್ನೊಂದು ಕಡೆ ನೋಡಿ. ಚಿಕ್ಕಪ್ಪನ ಥರದವರು ಸಾವಿರ ಜನ. ವಯಸ್ಸು, ಶುಗರ್, ಹತ್ತಿದರೆ ಹಿಡಿಯುವ ಎದೆ. ಇವರಲ್ಲಿ 800 ಜನರಿಗೆ ಬ್ಲಾಕ್ ಇದೆ ಎಂದಿಟ್ಟುಕೊಳ್ಳಿ. ಟಿಎಂಟಿ 544 ಜನರನ್ನು ಹಿಡಿದು 256 ಜನರನ್ನು ಬಿಟ್ಟುಬಿಡುತ್ತದೆ. ಬ್ಲಾಕ್ ಇಲ್ಲದ 200ರಲ್ಲಿ 154 ಜನರಿಗೆ ನೆಗೆಟಿವ್. ಒಟ್ಟು 410 ನೆಗೆಟಿವ್, ಅದರಲ್ಲಿ 256 ಜನರಿಗೆ ಬ್ಲಾಕ್ ಇದ್ದೇ ಇದೆ! ನೆಗೆಟಿವ್ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಧೈರ್ಯವಾಗಿ ಮನೆಗೆ ಹೋಗಿ ಬೋಂಡಾ ತಿನ್ನುತ್ತಾರೆ.

ಯಂತ್ರ ಒಂದೇ, ಗೆರೆ ಒಂದೇ. ನೀವು ಬೆಲ್ಟ್ ಹತ್ತುವ ಮುಂಚೆ ಬ್ಲಾಕ್ ಇರುವ ಸಂಭವ ಎಷ್ಟಿತ್ತು ಎನ್ನುವುದು ಉತ್ತರದ ಅರ್ಥವನ್ನೇ ಬದಲಾಯಿಸುತ್ತದೆ. ಹಾಗಾದರೆ ಆ ಸಂಭವವನ್ನು ತಿಳಿಯುವುದು ಹೇಗೆ? ಇದಕ್ಕೆ ಯಂತ್ರ ಬೇಡ, ಮೂರು ಪ್ರಶ್ನೆ ಸಾಕು. ನೋವು ಎದೆಯಲ್ಲಿ ಒತ್ತಿದ ಹಾಗೆ, ಬಿಗಿದ ಹಾಗೆ ಇದೆಯಾ, ಅಥವಾ ದವಡೆ, ಭುಜ, ತೋಳಿನಲ್ಲಿ ಬರುತ್ತದಾ? ಶ್ರಮ ಪಟ್ಟಾಗ ಬರುತ್ತದಾ? ನಿಂತರೆ ಅಥವಾ ನಾಲಿಗೆ ಕೆಳಗೆ ಮಾತ್ರೆ ಇಟ್ಟರೆ ಐದು ನಿಮಿಷದೊಳಗೆ ಹೋಗುತ್ತದಾ? ಮೂರಕ್ಕೂ ಹೌದು ಎಂದರೆ ಅದು ಹೃದಯದ ನೋವಿನ ಸರಿಯಾದ ಲಕ್ಷಣ. ಒಂದೇ ಹೌದಾದರೆ ಬೇರೆ ಕಾರಣ ಹುಡುಕುವುದು ಮೇಲು. ಬೆರಳಿನಲ್ಲಿ ತೋರಿಸುವಷ್ಟು ಚಿಕ್ಕ ಜಾಗದಲ್ಲಿ ಚುಚ್ಚುವ, ಒತ್ತಿದರೆ ಜಾಸ್ತಿಯಾಗುವ ನೋವು ಸಾಮಾನ್ಯವಾಗಿ ಹೃದಯದ್ದಲ್ಲ. ಇದರ ಜೊತೆಗೆ ವಯಸ್ಸು, ಗಂಡೋ ಹೆಣ್ಣೋ, ಶುಗರ್, ಬಿಪಿ, ಸಿಗರೇಟು, ಕೊಲೆಸ್ಟ್ರಾಲ್, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತಾ ಎನ್ನುವುದು. ಒಳ್ಳೆಯ ಡಾಕ್ಟರ್ ಹತ್ತು ನಿಮಿಷ ಕೂರಿಸಿ ಇದನ್ನೆಲ್ಲ ಕೇಳಿದರೆ ಅಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಅಷ್ಟೂ ಕೇಳದೆ ಚೀಟಿ ಬರೆದರೆ, ನೀವೇ ಹೇಳಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. 2021ರ ಅಕ್ಟೋಬರ್ 29ರಂದು ಪುನೀತ್ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ಭಯ ಅರ್ಥವಾಗುತ್ತದೆ. ಆದರೆ ಭಯಕ್ಕೆ ಮಾಡಿಸುವ ಟಿಎಂಟಿ ಭಯವನ್ನು ಕಳೆಯುವುದಿಲ್ಲ. ಎಷ್ಟೋ ಹಾರ್ಟ್ ಅಟ್ಯಾಕುಗಳು ಶುರುವಾಗುವುದು 30, 40ರಷ್ಟೇ ಕಟ್ಟಿದ ಜಾಗದಲ್ಲಿ, ಅಲ್ಲಿನ ಕೊಬ್ಬಿನ ಪೊರೆ ತಟ್ಟನೆ ಒಡೆದು ರಕ್ತ ಹೆಪ್ಪುಗಟ್ಟಿದಾಗ. ಹಿಂದಿನ ದಿನ ಬೆಲ್ಟ್ ಹತ್ತಿಸಿದ್ದರೂ ಅಂಥವರ ಗೆರೆ ನೆಟ್ಟಗೇ ಇರುತ್ತಿತ್ತು. ಟಿಎಂಟಿ ಪಾಸಾದೆ, ಇನ್ನು ಜಿಮ್ಮಿನಲ್ಲಿ ಏನು ಬೇಕಾದರೂ ಎತ್ತಬಹುದು ಎಂದುಕೊಳ್ಳುವವರಿಗೆ ಇದನ್ನು ಹೇಳಬೇಕು ಅಲ್ವಾ? ನೋವಿಲ್ಲದವರು ಆ ದುಡ್ಡಿನಲ್ಲಿ ಬಿಪಿ ನೋಡಿಸಿ, ಶುಗರ್, ಕೊಲೆಸ್ಟ್ರಾಲ್ ಮಾಡಿಸಿ, ಉಳಿದದ್ದರಲ್ಲಿ ಒಂದು ಜೊತೆ ವಾಕಿಂಗ್ ಶೂ ಕೊಳ್ಳಲಿ.

ಟಿಎಂಟಿ ಯಾರಿಗೆ ಸುಮ್ಮನೆ ದಂಡ

ಮೊಣಕಾಲು ನೋವು, ಲಕ್ವ ಹೊಡೆದದ್ದು, ತುಂಬಾ ಉಬ್ಬಸ ಇರುವವರು ಸಾಕಷ್ಟು ನಡೆಯಲು ಆಗುವುದಿಲ್ಲ. ಹೃದಯದ ಬಡಿತ ಏರದಿದ್ದರೆ ಎಲ್ಲ ನಲ್ಲಿ ಬಿಟ್ಟ ಹಾಗೆ ಆಗುವುದೇ ಇಲ್ಲ. ಗುರಿ ಹೀಗೆ: 220ರಿಂದ ವಯಸ್ಸು ಕಳೆಯಿರಿ, ಬಂದದ್ದರಲ್ಲಿ 85ರಷ್ಟು. ಚಿಕ್ಕಪ್ಪನಿಗೆ 133 ಮುಟ್ಟಬೇಕಿತ್ತು. ಅವತ್ತು ಬೆಳಿಗ್ಗೆ ಬಡಿತ ನಿಧಾನ ಮಾಡುವ ಬಿಪಿ ಮಾತ್ರೆ ನುಂಗಿದ್ದರು, ಮೇಲೆ ಮಂಡಿ ನೋವು. ನಾಲ್ಕು ನಿಮಿಷಕ್ಕೆ ಇಳಿದರು, ಬಡಿತ 108. ಆ ಪರೀಕ್ಷೆಗೆ ‘ಪೂರ್ತಿಯಾಗಲಿಲ್ಲ, ಏನೂ ಹೇಳಲಾಗದು’ ಎಂದು ಬರೆಯಬೇಕಿತ್ತು. ನೆಗೆಟಿವ್ ಎಂದು ಬರೆದರು. ನಾವೂ ಕೆಳಗಿನ ಆ ಒಂದು ಪದ ಓದಿ, ಮೇಲಿನ ಅಂಕಿ ಓದಲಿಲ್ಲ.

ಇನ್ನು ಕೂತಾಗಿನ ಇಸಿಜಿಯೇ ಸರಿ ಇಲ್ಲದವರು. ಎಲ್‌ಬಿಬಿಬಿ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯಲ್ಲಿ ತಡೆ) ಎಂದು ರಿಪೋರ್ಟಿನಲ್ಲಿ ಇದ್ದರೆ, ಪೇಸ್‌ಮೇಕರ್ ಇದ್ದರೆ, ಡಬ್ಲ್ಯೂಪಿಡಬ್ಲ್ಯೂ ಎಂಬ ಹೃದಯದ ವಿದ್ಯುತ್ ತೊಂದರೆ ಇದ್ದರೆ, ಎಸ್‌ಟಿ ಮೊದಲೇ ಕೆಳಗಿಳಿದಿದ್ದರೆ, ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಓಡಿದಾಗ ಬರುವ ಗೆರೆಯನ್ನು ನಂಬಲಾಗದು. ಮೊದಲೇ ಗೀಚಿದ ಹಾಳೆಯ ಮೇಲೆ ಇನ್ನೊಬ್ಬರು ಬರೆದ ಹಾಗೆ.

ಹೆಂಗಸರ ವಿಷಯದಲ್ಲಿ ತಪ್ಪು ಪಾಸಿಟಿವ್ ಜಾಸ್ತಿ. ರಕ್ತಹೀನತೆಯೂ ಎಸ್‌ಟಿಯನ್ನು ಕೆಳಗೆಳೆಯಬಹುದು, ನಮ್ಮಲ್ಲಿ ಅದು ಎಷ್ಟು ಸಾಮಾನ್ಯ ಎಂದು ಬೇರೆ ಹೇಳಬೇಕಾಗಿಲ್ಲ. ಹಾಗೆಂದು ಹೆಂಗಸರಿಗೆ ಟಿಎಂಟಿಯೇ ಬೇಡ ಎನ್ನಲಾಗದು. ನೋವಿದ್ದು, ಚೆನ್ನಾಗಿ ನಡೆಯಬಲ್ಲ 824 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಟಿಎಂಟಿ, ಇನ್ನೊಂದಕ್ಕೆ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿದ ಅಮೆರಿಕದ ಅಧ್ಯಯನ 2011ರಲ್ಲಿ ಬಂತು. ಎರಡು ವರ್ಷದ ನಂತರ ಎರಡೂ ಗುಂಪಿನಲ್ಲಿ 98ರಷ್ಟು ಜನ ದೊಡ್ಡ ತೊಂದರೆ ಇಲ್ಲದೆ ಇದ್ದರು. ಖರ್ಚು ಮಾತ್ರ ಟಿಎಂಟಿ ಗುಂಪಿನಲ್ಲಿ ಕಡಿಮೆ.

ಉಳಿದ ಪರೀಕ್ಷೆಗಳು

ಸ್ಟ್ರೆಸ್ ಎಕೋ ನನಗೆ ಇಷ್ಟವಾದ ಪರೀಕ್ಷೆ, ನಮ್ಮಲ್ಲಿ ಯಾಕೋ ಕಡಿಮೆ ಬರೆಯುತ್ತಾರೆ. ಮೊದಲು ಕೂತಾಗ ಎಕೋ, ನಂತರ ಓಡಿಸಿ ತಕ್ಷಣ ಮಲಗಿಸಿ ಮತ್ತೆ ಎಕೋ. ರಕ್ತ ಸಾಲದ ಹೃದಯದ ಗೋಡೆ ಸೋಮಾರಿ ಎತ್ತಿನ ಹಾಗೆ ಹಿಂದೆ ಬೀಳುತ್ತದೆ, ಅದು ಪರದೆಯ ಮೇಲೆ ಕಾಣುತ್ತದೆ. ಯಾವ ಗೋಡೆ ಎಂದು ತಿಳಿದರೆ ಯಾವ ನಾಳ ಎಂದೂ ಅಂದಾಜು ಸಿಗುತ್ತದೆ, ಟಿಎಂಟಿಯಲ್ಲಿ ಅದು ಸಿಗುವುದಿಲ್ಲ. ಓಡಲು ಆಗದವರಿಗೆ ಡೋಬುಟಮಿನ್ ಎಂಬ ಔಷಧಿಯನ್ನು ನರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಡಿತ ಹೆಚ್ಚಿಸುತ್ತಾರೆ. ಮಲಗಿದಲ್ಲೇ ಎದೆ ಡವಗುಟ್ಟುತ್ತದೆ, ಒಂಥರಾ ಅನ್ನಿಸುತ್ತದೆ, ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಬ್ಲಾಕ್ ಇದ್ದವರಲ್ಲಿ ನೂರಕ್ಕೆ 80ರ ಮೇಲೆ ಹಿಡಿಯುತ್ತದೆ, ತಪ್ಪು ಪಾಸಿಟಿವ್ ಕಡಿಮೆ, ವಿಕಿರಣ ಇಲ್ಲವೇ ಇಲ್ಲ. ತೊಂದರೆ ಒಂದೇ, ನೋಡುವವರ ಕಣ್ಣು ಪಳಗಿರಬೇಕು. ತಿಂಗಳಿಗೆ ಎರಡು ಮಾಡುವ ಕಡೆಗಿಂತ ದಿನಕ್ಕೆ ಎರಡು ಮಾಡುವ ಕಡೆ ಹೋಗಿ. ತುಂಬಾ ದಪ್ಪ ಇರುವವರಲ್ಲಿ, ಶ್ವಾಸಕೋಶದ ತೊಂದರೆ ಇರುವವರಲ್ಲಿ ಚಿತ್ರ ಮಸುಕು.

ಥಾಲಿಯಂ ಎಂದು ಜನ ಕರೆಯುವ ಪರೀಕ್ಷೆಯಲ್ಲಿ ಈಗ ಹೆಚ್ಚಾಗಿ ಬಳಸುವುದು ಟೆಕ್ನೀಶಿಯಂ ಎಂಬ ವಿಕಿರಣ ಸೂಸುವ ಮದ್ದು. ಹಳೆ ಹೆಸರು ಹಾಗೇ ಉಳಿದುಬಿಟ್ಟಿದೆ. ಶ್ರಮದಲ್ಲಿದ್ದಾಗ ಒಮ್ಮೆ, ವಿಶ್ರಾಂತಿಯಲ್ಲಿ ಒಮ್ಮೆ ಮದ್ದು ಕೊಟ್ಟು ಹೃದಯದ ಮಾಂಸಕ್ಕೆ ರಕ್ತ ಎಲ್ಲೆಲ್ಲಿ ಹೋಗಿದೆ ಎಂದು ಚಿತ್ರ ತೆಗೆಯುತ್ತಾರೆ. ಎರಡರಲ್ಲೂ ಖಾಲಿ ಕಂಡ ಜಾಗ ಹಳೆಯ ಗಾಯ, ಶ್ರಮದಲ್ಲಿ ಮಾತ್ರ ಖಾಲಿ ಕಂಡದ್ದು ರಕ್ತದ ಕೊರತೆ. ಮೊದಲೇ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲೆ ಮತ್ತೆ ನೋವು ಬಂದವರಿಗೆ ಇದು ಒಳ್ಳೆಯದು. ಎಲ್‌ಬಿಬಿಬಿ ಇದ್ದವರಿಗೆ ಓಡಿಸುವ ಬದಲು ನಾಳ ಹಿಗ್ಗಿಸುವ ಔಷಧಿ ಕೊಟ್ಟು ಮಾಡಬೇಕು, ಇಲ್ಲದಿದ್ದರೆ ಇಲ್ಲೂ ತಪ್ಪು ನೆರಳು ಬೀಳುತ್ತದೆ. ಆ ಔಷಧಿ ಉಬ್ಬಸದವರಿಗೆ ಆಗಿಬರುವುದಿಲ್ಲ, ಮೊದಲೇ ಹೇಳಿ. ನಮ್ಮ ಕಡೆಯವರಿಗೆ ಇನ್ನೊಂದು ಕಷ್ಟ ಇದೆ: ಹಿಂದಿನ 12ರಿಂದ 24 ಗಂಟೆ ಕಾಫಿ ಮುಟ್ಟುವ ಹಾಗಿಲ್ಲ. ಟೀ, ಕೋಲಾ, ಚಾಕೊಲೇಟ್ ಕೂಡ ಬೇಡ. ಕೆಫೀನು ಆ ಔಷಧಿಯನ್ನೇ ತಡೆಯುತ್ತದೆ. ಬೆಳಿಗ್ಗೆ ಎದ್ದು ಅಭ್ಯಾಸಬಲದಲ್ಲಿ ಫಿಲ್ಟರ್ ಕಾಫಿ ಹೀರಿ, ಆಸ್ಪತ್ರೆಯಿಂದ ಹಾಗೇ ವಾಪಸ್ ಬಂದವರನ್ನು ನಾನು ನೋಡಿದ್ದೇನೆ. ಇಡೀ ಅರ್ಧ ದಿನ ಬೇಕು, ದುಬಾರಿ, ವಿಕಿರಣ ಸುಮಾರು 10 ಮಿಲಿಸೀವರ್ಟ್. ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4 ಸಿಗುತ್ತದೆ, ಅದಕ್ಕೆ ಹೋಲಿಸಿಕೊಳ್ಳಿ.

ಸಿಟಿ ಆಂಜಿಯೋ ಪೈಪಿನ ಒಳಗೇ ನೋಡುವುದರಿಂದ ‘ಇಲ್ಲ’ ಎನ್ನುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಬ್ಲಾಕ್ ಇದ್ದ ನೂರರಲ್ಲಿ 95ರಷ್ಟು ಜನರನ್ನು ಹಿಡಿಯುತ್ತದೆ. ಟಿಎಂಟಿಗೆ ಕಾಣದ 30ರಷ್ಟಿನ ಪೊರೆಯೂ ಇದರಲ್ಲಿ ಕಾಣುತ್ತದೆ, ಇದು ದೊಡ್ಡ ಲಾಭ. ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4,146 ಜನರ ಮೇಲೆ ನಡೆದ ಸ್ಕಾಟ್-ಹಾರ್ಟ್ ಅಧ್ಯಯನದ ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯ ಜೊತೆ ಸಿಟಿ ಮಾಡಿದ ಗುಂಪಿನಲ್ಲಿ ಹೃದಯದ ಸಾವು ಅಥವಾ ಹಾರ್ಟ್ ಅಟ್ಯಾಕ್ ಆದವರು ನೂರಕ್ಕೆ 2.3, ಸಿಟಿ ಇಲ್ಲದ ಗುಂಪಿನಲ್ಲಿ 3.9. ಕಾರಣ ಮುಖ್ಯವಾಗಿ ಸ್ಟೆಂಟ್ ಅಲ್ಲವಂತೆ. ಪೊರೆ ಕಣ್ಣಿಗೆ ಬಿದ್ದ ಮೇಲೆ ಜನರಿಗೆ ಕೊಲೆಸ್ಟ್ರಾಲ್ ಮಾತ್ರೆ, ಆಸ್ಪಿರಿನ್ ಸರಿಯಾಗಿ ಶುರುವಾದದ್ದು. ಇನ್ನೊಂದು ಕಡೆ, 2015ರಲ್ಲಿ ಅಮೆರಿಕದ ಪ್ರಾಮಿಸ್ ಅಧ್ಯಯನ ಹತ್ತು ಸಾವಿರ ಜನರಲ್ಲಿ ಸಿಟಿಯನ್ನೂ ಓಡಿಸುವ ಪರೀಕ್ಷೆಗಳನ್ನೂ ಹೋಲಿಸಿ, ಮುಂದಾಗುವ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಬ್ರಿಟನ್ ಮಾತ್ರ 2010ರಲ್ಲೇ ಹೊಸದಾಗಿ ಬ್ಲಾಕ್ ಪತ್ತೆ ಮಾಡಲು ಟಿಎಂಟಿ ಬೇಡ ಎಂದು ತನ್ನ ಡಾಕ್ಟರುಗಳಿಗೆ ಸೂಚನೆ ಕೊಟ್ಟಿತು, 2016ರಿಂದ ಸಿಟಿಯೇ ಮೊದಲು. ನಮ್ಮಲ್ಲಿ ಟಿಎಂಟಿ ಉಳಿದಿರುವುದು ಅಗ್ಗ ಎನ್ನುವುದಕ್ಕೆ, ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ ಎನ್ನುವುದಕ್ಕೆ. ಅದೂ ಸಣ್ಣ ಕಾರಣವಲ್ಲ.

ಸಿಟಿಗೂ ಮಿತಿಗಳಿವೆ. ಬಡಿತ 60, 65ರ ಒಳಗೆ ಇಳಿಸಬೇಕು, ಅದಕ್ಕೆ ಮೆಟೊಪ್ರೊಲಾಲ್ ಥರದ ಮಾತ್ರೆ ಕೊಡುತ್ತಾರೆ. ನಾಲಿಗೆ ಕೆಳಗೆ ನಾಳ ಹಿಗ್ಗಿಸುವ ಔಷಧಿಯನ್ನೂ ಕೊಡುತ್ತಾರೆ. ಹಿಂದಿನ ದಿನ ವಯಾಗ್ರ ಥರದ ಮಾತ್ರೆ ತೆಗೆದುಕೊಂಡಿದ್ದರೆ ನಾಚಿಕೆ ಬಿಟ್ಟು ಹೇಳಿ, ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಬೀಳುತ್ತದೆ. ಡೈ ಹಾಕುವುದರಿಂದ ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲೇ ನೋಡಬೇಕು. ವಯಸ್ಸಾದವರ, ಹಳೇ ಶುಗರಿನವರ ನಾಳದಲ್ಲಿ ಸುಣ್ಣ ಜಾಸ್ತಿ ಇದ್ದರೆ ಅದು ಹೊಳೆದು, ಇರುವ ಬ್ಲಾಕ್ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆಗ ಸಿಟಿಯ ಮಾತು ಅಷ್ಟು ನಂಬುವಂತಿಲ್ಲ. ಹೊಸ ಯಂತ್ರಗಳಲ್ಲಿ ವಿಕಿರಣ ಸಾಮಾನ್ಯವಾಗಿ 2ರಿಂದ 5 ಮಿಲಿಸೀವರ್ಟ್.

ಕೈಯ ನಾಳದಿಂದ ಮಾಡುವ ಆಂಜಿಯೋಗ್ರಾಮ್ ಪತ್ತೆಯ ಕೊನೆಯ ಮಾತು ಹೌದು, ಆದರೆ ಮೊದಲ ಮಾತು ಆಗಬಾರದು. ನೋವು ಜೋರಿದ್ದು ಮಾತ್ರೆಗೆ ಬಗ್ಗದಿದ್ದರೆ, ಅಥವಾ ಮೇಲಿನ ಪರೀಕ್ಷೆಗಳಲ್ಲಿ ದೊಡ್ಡ ಅಪಾಯ ಕಂಡರೆ ಅದರ ಸರದಿ.

ಕೊನೆಯ ಪದ ಬಿಟ್ಟು ಉಳಿದದ್ದನ್ನು ಓದಿ

ಟಿಎಂಟಿ ರಿಪೋರ್ಟಿನ ನಿಜವಾದ ಬೆಲೆ ಪಾಸಿಟಿವ್, ನೆಗೆಟಿವ್ ಎಂಬ ಪದದಲ್ಲಿ ಇಲ್ಲ. ಎಷ್ಟು ನಿಮಿಷ ನಡೆದಿರಿ, ಬಡಿತ ಎಷ್ಟಕ್ಕೆ ಹೋಯಿತು, ಬಿಪಿ ಏರಿತಾ, ನೋವು ಬಂತಾ ನೋಡಿ. ಏರಬೇಕಾದ ಬಿಪಿ ಕೂತಾಗಿನ ಮಟ್ಟಕ್ಕಿಂತ ಕೆಳಗೆ ಇಳಿದರೆ ಅದು ಕೆಟ್ಟ ಲಕ್ಷಣ. ನಿಂತ ಮೇಲೆ ಮೊದಲ ನಿಮಿಷದಲ್ಲಿ ಬಡಿತ 12ಕ್ಕಿಂತ ಜಾಸ್ತಿ ಇಳಿಯಬೇಕು.

ಡ್ಯೂಕ್ ಸ್ಕೋರ್ ಎಂಬ ಸುಲಭ ಲೆಕ್ಕ ಇದೆ, ಮನೆಯಲ್ಲೇ ಮಾಡಬಹುದು. ಬ್ರೂಸ್ ಕ್ರಮದಲ್ಲಿ ನಡೆದ ನಿಮಿಷ ತೆಗೆದುಕೊಳ್ಳಿ. ಎಸ್‌ಟಿ ಎಷ್ಟು ಮಿಲಿಮೀಟರ್ ಬದಲಾಯಿತೋ ಅದರ ಐದರಷ್ಟು ಕಳೆಯಿರಿ. ನೋವು ಬಂದಿದ್ದರೆ 4, ನೋವಿನಿಂದಲೇ ನಿಲ್ಲಿಸಬೇಕಾಗಿದ್ದರೆ 8 ಕಳೆಯಿರಿ. ನನ್ನದು ಒಂಬತ್ತೂವರೆ ದಾಟಿ ನಡೆದು, ಗೆರೆ ನೆಟ್ಟಗೆ, ನೋವಿಲ್ಲ: 9ರ ಮೇಲೆ. 5 ಅಥವಾ ಅದಕ್ಕಿಂತ ಮೇಲಿದ್ದರೆ ಅಪಾಯ ಕಡಿಮೆ. ಆರು ನಿಮಿಷ ನಡೆದು, 2 ಮಿಲಿಮೀಟರ್ ಇಳಿದು, ನೋವಿನಿಂದ ನಿಂತವರದು ಆರರಿಂದ ಹತ್ತು ಕಳೆದು, ಮತ್ತೆ ಎಂಟು ಕಳೆದರೆ ಮೈನಸ್ 12. ಮೈನಸ್ 11 ಅಥವಾ ಅದಕ್ಕಿಂತ ಕೆಳಗೆ ಎಂದರೆ ಅಪಾಯ ಜಾಸ್ತಿ, ಆಂಜಿಯೋಗ್ರಾಮ್ ಮುಂದೂಡಬಾರದು. ಈ ಸ್ಕೋರ್ ಬಂದ 1991ರ ಅಧ್ಯಯನದಲ್ಲಿ ಕಡಿಮೆ ಅಪಾಯದವರು ನಾಲ್ಕು ವರ್ಷದ ನಂತರ ನೂರಕ್ಕೆ 99 ಜನ ಬದುಕಿದ್ದರು, ಜಾಸ್ತಿ ಅಪಾಯದವರಲ್ಲಿ 79.

ಇದಕ್ಕೇ ನಾನು ಟಿಎಂಟಿಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ನೋವು ಹೃದಯದ್ದೋ ಅಲ್ಲವೋ ಎನ್ನುವ ಸಂಶಯ ನಡುವೆ ಇದೆ, ಕಾಲು ಗಟ್ಟಿ ಇದೆ, ಕೂತಾಗಿನ ಇಸಿಜಿ ಶುದ್ಧ ಇದೆ ಎಂದಾದರೆ ಒಂದೆರಡು ಸಾವಿರ ರೂಪಾಯಿಯಲ್ಲಿ ಇಷ್ಟು ಸಂಗತಿ ಬೇರೆ ಯಾವುದೂ ಕೊಡುವುದಿಲ್ಲ. ಕಾಲು ಗಟ್ಟಿ ಇಲ್ಲ ಎಂದರೆ ಔಷಧಿ ಕೊಟ್ಟು ಮಾಡುವ ಎಕೋ ಅಥವಾ ನ್ಯೂಕ್ಲಿಯರ್. 50ರ ಕೆಳಗಿನವರಿಗೆ, ಬ್ಲಾಕ್ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕಾದವರಿಗೆ, ಟಿಎಂಟಿ ಗೊಂದಲದಲ್ಲಿ ನಿಂತವರಿಗೆ ಸಿಟಿ ಆಂಜಿಯೋ. ದುಡ್ಡು ಹೊಂದಿಸಬಹುದು ಎಂದಾದರೆ ನಾನು ಎರಡು ಸಲ ಖರ್ಚು ಮಾಡುವ ಬದಲು ನೇರ ಸಿಟಿಗೇ ಹೋಗುತ್ತೇನೆ. ಹಳೇ ಸ್ಟೆಂಟಿನವರಿಗೆ ಎಕೋ ಅಥವಾ ನ್ಯೂಕ್ಲಿಯರ್ ಮೇಲು, ಸಣ್ಣ ಸ್ಟೆಂಟಿನ ಒಳಗೆ ಸಿಟಿಗೆ ಸರಿಯಾಗಿ ಕಾಣುವುದಿಲ್ಲ.

ಪಾಸಿಟಿವ್ ಬಂದರೆ ಇವತ್ತೇ ಅಡ್ಮಿಟ್ ಆಗಿ ಎನ್ನುವವರಿಗೆ ಒಂದು ಪ್ರಶ್ನೆ ಕೇಳಬಹುದು: ನೋವು ಸ್ಥಿರವಾಗಿದೆಯಲ್ಲ, ಎರಡು ದಿನ ಯೋಚಿಸಬಹುದಾ? 2020ರಲ್ಲಿ ಬಂದ ಇಸ್ಕೀಮಿಯಾ ಅಧ್ಯಯನ ರಕ್ತದ ಕೊರತೆ ಸಾಕಷ್ಟು ಇದ್ದ 5,179 ಜನರಲ್ಲಿ, ಮೊದಲೇ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದಕ್ಕೂ ಮೊದಲು ಮಾತ್ರೆಯಲ್ಲೇ ನೋಡಿಕೊಂಡದ್ದಕ್ಕೂ ಸಾವು, ಹಾರ್ಟ್ ಅಟ್ಯಾಕುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೋವು ಜಾಸ್ತಿ ಇದ್ದವರಿಗೆ ಸ್ಟೆಂಟಿನಿಂದ ಆರಾಮ ಸಿಕ್ಕಿತು, ಅದು ನಿಜ. ಆದರೆ ಎಡಗಡೆಯ ಮುಖ್ಯ ನಾಳವೇ ಕಟ್ಟಿದವರನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಅಂಥವರು, ಡ್ಯೂಕ್ ಸ್ಕೋರ್ ಮೈನಸ್ 11 ಅಥವಾ ಅದಕ್ಕಿಂತ ಕೆಳಗೆ ಇರುವವರು ಯೋಚಿಸುತ್ತಾ ಕೂರುವ ಹಾಗಿಲ್ಲ.

ಟಿಎಂಟಿಗೆ ಹೋಗುವುದೇ ಆದರೆ ಎರಡು ಮೂರು ಗಂಟೆ ಮೊದಲು ಎರಡು ಇಡ್ಲಿ ತಿಂದು ಹೋಗಿ, ಹೊಟ್ಟೆ ಬಿರಿಯುವಷ್ಟು ಬೇಡ. ಬಿಪಿ ಮಾತ್ರೆ ನುಂಗಬೇಕಾ ಬಿಡಬೇಕಾ ಎಂದು ಪರೀಕ್ಷೆ ಬರೆದ ಡಾಕ್ಟರನ್ನೇ ಕೇಳಿ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಕ್ಯಾನ್ವಾಸ್ ಶೂ ಹಾಕಿ, ಹವಾಯಿ ಚಪ್ಪಲಿಯಲ್ಲಿ 14ರ ಏರು ಹತ್ತಲಾಗುವುದಿಲ್ಲ. ಸೀರೆ, ಪಂಚೆ ಬೇಡ, ಸಡಿಲ ಪ್ಯಾಂಟೋ ಚೂಡಿದಾರೋ ಇರಲಿ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ. ಬೆಲ್ಟ್ ಮೇಲೆ ನೋವು ಬಂದರೆ ಮರ್ಯಾದೆ ನೋಡದೆ ತಕ್ಷಣ ಹೇಳಿ.

ಬರುವಾಗ ಗ್ರಾಫ್ ಹಾಳೆಗಳನ್ನೂ ಕೇಳಿ ತನ್ನಿ, ಬರೀ ಒಂದು ಪುಟದ ರಿಪೋರ್ಟ್ ಸಾಲದು. ಅದೇ ದಿನ ಜೆರಾಕ್ಸ್ ಮಾಡಿಸಿ. ಇಸಿಜಿ ಕಾಗದ ಬಸ್ ಟಿಕೆಟ್ಟಿನ ಹಾಗೆ, ಬೀರುವಿನಲ್ಲಿ ಒಂದೆರಡು ವರ್ಷ ಇಟ್ಟರೆ ಗೆರೆಯೇ ಮಾಸಿಹೋಗುತ್ತದೆ. ಚಿಕ್ಕಪ್ಪನ ಹಳೆಯ ಟಿಎಂಟಿ ಹುಡುಕಿ ಹೊಸ ಡಾಕ್ಟರ ಮುಂದೆ ಇಟ್ಟಾಗ ಅವರು ಎರಡು ಸಲ ತಿರುಗಿಸಿ ನೋಡಿ, ಬಿಳೀ ಹಾಳೆಯನ್ನೇ ನಮಗೆ ವಾಪಸ್ ಕೊಟ್ಟರು.